ಹೊಟ್ಟೆ ತೊಳೆಯುವ ಸೂಜಿ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನನಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಊರು ಹೊಸನಗರ ತಾಲ್ಲೂಕಿನದು. ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಆ ಬಸ್ಸು ಬಿಟ್ಟ ಕಡೆಯಿಂದ ಒಂದು ಮೈಲಿ ನಡೆಯಬೇಕು. ನನಗೆ ಆಗ ಇಪ್ಪತ್ತೆರಡು ವರ್ಷ. ಸಾಗರ ಪೇಟೆಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಹಳ್ಳಿಯವರಿಗೆ ತಿಳಿಯದ ಎಷ್ಟೋ ಸಂಗತಿ ನನಗೆ ತಿಳಿದಿದೆ, ಅದನ್ನೆಲ್ಲ ಅವರಿಗೆ ಹೇಳಿಕೊಡುವುದಕ್ಕೇ ಸರ್ಕಾರ ನನ್ನನ್ನು ಅಲ್ಲಿಗೆ ಕಳಿಸಿದೆ ಎಂದು ನಂಬಿದ್ದೆ.

ಶಾಲೆಗೆ ಎರಡು ಕೋಣೆ, ಇಬ್ಬರು ಮೇಷ್ಟರು. ಒಬ್ಬರು ಹೆಡ್ಮಾಸ್ಟರು, ಇನ್ನೊಬ್ಬಳು ನಾನು. ಊರಿನವರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ನನಗಿಂತ ಮೂರು ಪಟ್ಟು ವಯಸ್ಸಾದವರೂ ಎದುರು ಸಿಕ್ಕರೆ ಬೀಡಿ ಬಿಸಾಡಿ ದಾರಿ ಬಿಡುತ್ತಿದ್ದರು. ಇಪ್ಪತ್ತೆರಡರ ವಯಸ್ಸಿಗೆ ಅಷ್ಟು ಮರ್ಯಾದೆ ಒಳ್ಳೆಯದಲ್ಲ ಎಂದು ಈಗ ಅನ್ನಿಸುತ್ತದೆ.

ನಾನಿದ್ದದ್ದು ಶಾಲೆಯಿಂದ ಕೂಗಳತೆಯಲ್ಲಿದ್ದ ಒಂದು ಮನೆಯ ಹೊರಕೋಣೆಯಲ್ಲಿ. ಮನೆಯೊಡತಿ ಅರವತ್ತರ ವಿಧವೆ, ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಗಂಡ ಇದ್ದಾಗ ಅವರು ಊರಿನ ಪಟೇಲರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಭೂಸುಧಾರಣೆ ಬಂದ ಮೇಲೆ ಡಿಕ್ಲರೇಷನ್ ಕೊಟ್ಟು, ಟ್ರಿಬ್ಯುನಲ್ ಮುಂದೆ ನಿಂತು, ಆ ಗದ್ದೆ ಅಮ್ಮನ ಹೆಸರಿಗೆ ಆಗಿತ್ತು. ಅಂದಿನಿಂದ ಪಟೇಲರು ಆ ಮನೆಯ ಮುಂದಿನ ದಾರಿಯಲ್ಲೇ ಓಡಾಡುವುದನ್ನು ಬಿಟ್ಟು ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಜಗಳವೇನೂ ಆಗಿರಲಿಲ್ಲ. ಮಾತು ನಿಂತಿತ್ತು, ಅಷ್ಟೆ.

ಎರಡನೇ ವರ್ಷದ ಜೂನ್ ತಿಂಗಳು. ಶಾಲೆ ತೆರೆದು ವಾರವಾಗಿತ್ತು. ಮಳೆ ಹಿಡಿಯುವ ಮೊದಲು ಕಾಲರಾ ಸೂಜಿ ಹಾಕಲು ಸೋಮವಾರ ಹೆಲ್ತ್ ಇನ್ಸ್‌ಪೆಕ್ಟರು ಶಾಲೆಗೇ ಬರುತ್ತಾರೆಂದು ಕಾಗದ ಬಂತು. ಹೆಡ್ಮಾಸ್ಟರು ಆ ಕಾಗದವನ್ನು ನನಗೆ ದಾಟಿಸಿ, "ಇದೆಲ್ಲ ನಿಮ್ಮ ಡಿಪಾರ್ಟ್‌ಮೆಂಟು ಅಕ್ಕೋರೆ. ಮಕ್ಕಳಿಗೆ ಸ್ವಲ್ಪ ತಿಳಿಸಿ ಹೇಳಿ" ಎಂದರು. ನಾನು ವಾರವಿಡೀ ತಿಳಿಸಿ ಹೇಳಿದೆ. ಗೋಡೆಗೆ ನೊಣದ ಚಿತ್ರವಿದ್ದ ಚಾರ್ಟು ತೂಗುಹಾಕಿದೆ. ನೊಣ ಹೇಲಿನ ಮೇಲೆ ಕೂತ ಕಾಲಲ್ಲೇ ಹಣ್ಣಿನ ಮೇಲೆ ಕೂರುತ್ತದೆ, ಅದಕ್ಕೇ ಪೇಟೆಯಲ್ಲಿ ಹೆಚ್ಚಿಟ್ಟು ಮಾರುವ ಹಣ್ಣು ಮುಟ್ಟಬಾರದು, ಕುದಿಸದ ನೀರು ಕುಡಿಯಬಾರದು ಎಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿದೆ. ಪಾಠ ಎಷ್ಟು ಚೆನ್ನಾಗಿ ಹತ್ತಿತೆಂದರೆ, ಒಂದು ಹುಡುಗಿ ಮನೆಗೆ ಹೋಗಿ ಅಜ್ಜಿಯ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಕೊಟ್ಟಿಗೆಗೆ ಎಸೆದಳಂತೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ನಾನು ಸಾಗರಕ್ಕೆ ಹೋದೆ. ಭಾನುವಾರ ಮಧ್ಯಾಹ್ನ ವಾಪಸು ಹೊರಟೆ. ಆನಂದಪುರದ ಮೇಲೆ ಬಂದು ರಿಪ್ಪನ್‌ಪೇಟೆಯಲ್ಲಿ ಇಳಿದಾಗ ಮೂರು ಗಂಟೆ. ಮುಂದಿನ ಬಸ್ಸು ಕೆಟ್ಟು ನಿಂತಿತ್ತು. ಬರುತ್ತದೆ, ಈಗ ಬರುತ್ತದೆ ಎನ್ನುತ್ತ ಒಂದೂವರೆ ಗಂಟೆ ಕಾಯಿಸಿದರು. ಹಸಿವು. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಒಬ್ಬಾಕೆ ಹಲಸಿನ ಹಣ್ಣು ಕೊಯ್ದು ಬಾಳೆಲೆಯ ಮೇಲೆ ತೊಳೆ ಹರವಿಕೊಂಡು ಕೂತಿದ್ದಳು. ಬಿಳಿ ಹಲಸಲ್ಲ, ಚಂದ್ರಬಕ್ಕೆ. ಕುಂಕುಮದ ಬಣ್ಣದ ತೊಳೆಗಳು. ನೊಣ ಇತ್ತು. ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಕೆ ಒಂದು ಸೊಪ್ಪಿನ ಟೊಂಗೆಯಿಂದ ಓಡಿಸುತ್ತಿದ್ದಳು, ಅವು ಎದ್ದು ಒಂದು ಸುತ್ತು ಹಾರಿ ಮತ್ತೆ ಅದೇ ತೊಳೆಯ ಮೇಲೆ ಕೂರುತ್ತಿದ್ದವು. ಪರಿಚಯದವರು ಯಾರೂ ಇಲ್ಲವೆಂದು ಸುತ್ತ ನೋಡಿಕೊಂಡೆ. ಮೊದಲು ಆರು ತೊಳೆ ತಿಂದೆ, ಆಮೇಲೆ ಇನ್ನಾರು, ಆಮೇಲೆ ಎಣಿಸಲಿಲ್ಲ. ಬಾಯಿ ಅಂಟಂಟಾಯಿತೆಂದು ಪಕ್ಕದ ಹೋಟೆಲಿನ ಸಿಮೆಂಟು ತೊಟ್ಟಿಯಿಂದ ಒಂದು ಲೋಟ ನೀರು ಕುಡಿದೆ.

ಸೋಮವಾರ ಬೆಳಿಗ್ಗೆ ಎದ್ದಾಗಲೇ ಹೊಟ್ಟೆಯೊಳಗೆ ಯಾರೋ ಬೆಂಚು ಎಳೆದಾಡುತ್ತಿದ್ದ ಹಾಗಿತ್ತು. ಅವಲಕ್ಕಿ ತಿಂದು ಶಾಲೆಗೆ ಹೋದೆ.

ಇನ್ಸ್‌ಪೆಕ್ಟರು ಒಂಬತ್ತೂವರೆಗೆ ಸೈಕಲ್ಲಿನಲ್ಲಿ ಬಂದರು. ನಲವತ್ತು ದಾಟಿದ, ಸಣಕಲು, ಬಹಳ ಸಭ್ಯ ಮನುಷ್ಯ. ಸ್ಪಿರಿಟ್ ಸ್ಟೌವಿನ ಮೇಲೆ ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಯಲು ಇಟ್ಟು, ಮೇಜಿನ ಮೇಲೆ ಪುಸ್ತಕ ತೆರೆದು ಕೂತರು. ಊರಿನ ಗಂಡಸರು ಹೆಂಗಸರು ನಲವತ್ತೈವತ್ತು ಜನ ಬಂದಿದ್ದರು. ಆದರೆ ಬೇಲಿಯ ಆಚೆಗೇ ನಿಂತಿದ್ದರು. ಎರಡು ಮೂರು ವರ್ಷದ ಹಿಂದೆ ಹೀಗೇ ಮೇಜು ಹಾಕಿಕೊಂಡು ಕೂತ ಸರ್ಕಾರದವರು ಆಸುಪಾಸಿನ ಗಂಡಸರನ್ನು ಜೀಪಿನಲ್ಲಿ ತುಂಬಿಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿದ್ದರು. ಆ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಯಾವ ಸೂಜಿಯಲ್ಲಿ ಏನಿದೆಯೋ ಯಾರು ಬಲ್ಲರು ಎಂದು ಎಲ್ಲರೂ ಬೇರೆ ಯಾರಾದರೂ ಮೊದಲು ಹಾಕಿಸಿಕೊಳ್ಳಲಿ ಎಂದು ಕಾಯುತ್ತಿದ್ದರು.

"ಮೊದ್ಲು ಹೆಡ್ಮಾಸ್ಟ್ರು ಹಾಕಿಸ್ಕಳ್ಲಿ ನೋಡನ" ಎಂದು ಬೇಲಿಯ ಕಡೆಯಿಂದ ಯಾರೋ ಕೂಗಿದರು.

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿದರು. "ನಂದು ಹೋದ ವರ್ಷ ಆಗಿದೆ ಮಾರಾಯ. ಎರಡು ಸಲ ಆದ್ರೆ ಡಬಲ್ ಆಗ್ತದೆ. ಅಕ್ಕೋರು ಇದಾರಲ್ಲ, ಓದಿದೋರು. ಅಕ್ಕೋರಿಗೆ ಹಾಕ್ತಾರೆ."

ಹೋದ ವರ್ಷ ಕಾಲರಾ ಸೂಜಿ ನಮ್ಮೂರಿಗೆ ಬಂದೇ ಇರಲಿಲ್ಲ. ಆದರೆ ವಾರವಿಡೀ ಪಾಠ ಮಾಡಿದವಳು ನಾನು. ಮಕ್ಕಳೆಲ್ಲ ಕಿಟಕಿಯಲ್ಲಿ ತಲೆ ತುರುಕಿ ನೋಡುತ್ತಿದ್ದರು. ಸೀರೆಯ ಸೆರಗು ಸರಿಸಿ, ರವಿಕೆಯ ತೋಳು ಮೇಲೆ ಮಾಡಿ, ಕ್ಯಾಮೆರಾಕ್ಕೆ ಕೂತವಳ ಹಾಗೆ ನಗುತ್ತ ತೋಳು ಕೊಟ್ಟೆ. ಚುಚ್ಚಿದ್ದು ಇರುವೆ ಕಚ್ಚಿದ ಹಾಗೂ ಆಗಲಿಲ್ಲ. "ನೋಡಿ, ಏನೂ ಆಗಲ್ಲ!" ಎಂದು ಬೇಲಿಯ ಕಡೆ ತಿರುಗಿ ದೊಡ್ಡದಾಗಿ ಹೇಳಿದೆ.

ಹೇಳಿ ಇಪ್ಪತ್ತು ನಿಮಿಷವಾಗಿರಲಿಲ್ಲ, ಹೊಟ್ಟೆ ತಿರುಚಿತು. ಶಾಲೆಗೆ ಕಕ್ಕಸು ಎಂಬುದು ಇರಲಿಲ್ಲ. ಹಿಂದಿನ ಗುಡ್ಡವೇ ಗತಿ. ಕುಡಿಯುವ ನೀರಿನ ಹಂಡೆಯ ಪಕ್ಕ ಇದ್ದ ಹಿತ್ತಾಳೆ ಚೊಂಬನ್ನು ತುಂಬಿಕೊಂಡು, ಅದನ್ನು ಸೆರಗಿನಡಿ ಮುಚ್ಚಿಕೊಂಡು, ಯಾವುದೋ ಗಿಡ ನೋಡಲು ಹೊರಟವಳ ಹಾಗೆ ನಿಧಾನವಾಗಿ ನಡೆದೆ. ಹಿಂದಿನ ಬೇಲಿ ದಾಟಿದ ಮೇಲೆ ಓಡಿದೆ. ವಾಪಸು ಬಂದು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಕರೆ ಬಂತು. ಮೂರನೇ ಸಲಕ್ಕೆ ನಿಧಾನ ನಡೆಯುವ ನಾಟಕ ಬಿಟ್ಟೆ. ಸೆರಗೂ ಮುಚ್ಚಲಿಲ್ಲ. ನಾಲ್ಕನೇ ಸಲ ಹೋಗಿ ಬರುವಾಗ ಬೇಲಿಯ ಬಳಿ ಒಬ್ಬರೂ ಇರಲಿಲ್ಲ. ಇನ್ಸ್‌ಪೆಕ್ಟರು ಮೇಜಿನ ಮುಂದೆ ಒಬ್ಬರೇ ಕೂತಿದ್ದರು. ಸ್ಟೌ ಇನ್ನೂ ಉರಿಯುತ್ತಿತ್ತು.

"ಬೆಳಿಗ್ಗೆ ಏನು ತಿಂದಿದ್ರಿ ಮೇಡಂ?" ಎಂದು ಕೇಳಿದರು.

"ಅವಲಕ್ಕಿ."

"ನಿನ್ನೆ?"

ಅವರ ಮುಖ ನೋಡಿದೆ. ಅವರ ಹಿಂದೆ ಗೋಡೆಯ ಮೇಲೆ ನನ್ನ ಚಾರ್ಟು. ಹೆಡ್ಮಾಸ್ಟರು ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದರು.

"ನಿನ್ನೆ ಸಾಗರದಲ್ಲಿದ್ದೆ. ಮನೆ ಊಟ" ಎಂದೆ. ಸಾಗರದಲ್ಲಿ ತಿಂದದ್ದು ಮನೆಯ ಊಟವೇ, ಅದರಲ್ಲಿ ಸುಳ್ಳಿರಲಿಲ್ಲ. ರಿಪ್ಪನ್‌ಪೇಟೆಯ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಇನ್ಸ್‌ಪೆಕ್ಟರು ಉಸಿರು ಬಿಟ್ಟು ಪುಸ್ತಕದಲ್ಲಿ ಏನೋ ಬರೆದುಕೊಂಡರು. "ಹದಿನೈದು ವರ್ಷ ಆಯ್ತು ಈ ಕೆಲಸ ಹಿಡಿದು. ತೋಳು ಊದಿದ್ದು ನೋಡಿದೀನಿ, ಜ್ವರ ಬಂದಿದ್ದು ನೋಡಿದೀನಿ. ಇದನ್ನ ನೋಡಿರಲಿಲ್ಲ. ಬರೀಲೇಬೇಕಾಗತ್ತೆ. ಇಡೀ ಊರಿಗೆ ಒಬ್ಬರಿಗೇ ಹಾಕಿ ವಾಪಸ್ ಬಂದಿದ್ಯಾಕೆ ಅಂತ ಕೇಳ್ತಾರಲ್ಲ" ಎಂದು ಬಹಳ ವಿನಯದಿಂದ, ನನ್ನ ಕ್ಷಮೆ ಕೇಳುವವರ ಹಾಗೆ ಹೇಳಿ, ಸಾಮಾನು ಕಟ್ಟಿಕೊಂಡು ಹೋದರು.

ಅಮ್ಮ ಜಾಯಿಕಾಯಿ ತೇದು ಕುಡಿಸಿದರು. ಮಜ್ಜಿಗೆಗೆ ಮೆಂತೆ ಹಾಕಿ ಕೊಟ್ಟರು. ನಡುನಡುವೆ ಸರ್ಕಾರವನ್ನು ಬೈದರು. "ನಮ್ಮ ಹುಡುಗಿ ಮೇಲೆ ಮೊದ್ಲು ಮಾಡಿ ನೋಡಿದ್ರಲ್ಲ, ಅವ್ರ ಕೈ ಸೇದೋಗ. ಅವ್ರ ಮನೆ ಹೆಣ್ಮಕ್ಳಿಗೆ ಹಾಕಿದ್ರಾ ಮೊದ್ಲು?" ಅಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆ ಹೊತ್ತಿಗೂ ಹೇಳಬಹುದಿತ್ತು. ಆದರೆ ಅಮ್ಮನ ಮೊಮ್ಮಗಳು ನನ್ನ ಕ್ಲಾಸಿನಲ್ಲೇ ಇದ್ದಳು. ಬಾಳೆಹಣ್ಣು ಎಸೆದವಳು ಅವಳೇ.

ಮಾರನೆಯ ದಿನ ಶಾಲೆಗೆ ರಜೆ ಹಾಕಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಹೊರಗೆ ಯಾರೋ ಕೆಮ್ಮಿದ ಸದ್ದಾಯಿತು. ಅಮ್ಮ ಹೊಸಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಅಂಗಳದಲ್ಲಿ ಪಟೇಲರು ನಿಂತಿದ್ದರು.

ಎತ್ತರದ ಆಳು, ಬೆಳ್ಳಗಿನ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಬೆತ್ತ. ಎಪ್ಪತ್ತರ ಹತ್ತಿರ. ಐದು ವರ್ಷದಿಂದ ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಮೊದಲು ಅಮ್ಮನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದವರಿಗೆ ಈಗ ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ. ಕಂಬದ ಕಡೆ ನೋಡಿಕೊಂಡು, "ಅಕ್ಕೋರು ಇದಾರಾ?" ಎಂದು ಕೇಳಿದರು.

ಅಮ್ಮನಿಗೂ ಒಡೆಯಾ ಎನ್ನಬೇಕೋ ಬೇಡವೋ ಎಂದು ಒಂದು ಕ್ಷಣ ಗೊಂದಲವಾಯಿತು. "ಬನ್ನಿ ಪಟೇಲ್ರೆ, ಕೂತ್ಕಳಿ" ಎಂದು ಜಗಲಿಯ ಮೇಲೆ ಚಾಪೆ ಹಾಕಿ, ಬೆಲ್ಲ ನೀರು ತರಲು ಒಳಗೆ ಹೋದರು.

ನಾನು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತೆ. ಪಟೇಲರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಆ ನೋಟದಲ್ಲಿ ಕನಿಕರ ಇರಲಿಲ್ಲ, ಭಕ್ತಿ ಇತ್ತು.

"ಎಷ್ಟು ಸಲ ಆಯ್ತು?" ಎಂದರು.

ನನಗೆ ಅರ್ಥವಾಗಲಿಲ್ಲ. "ಏನು?"

"ಅದೇ. ಹೋಗಿದ್ದು."

ಮದುವೆಯಾಗದ ಹೆಣ್ಣುಮಗಳನ್ನು ಇಂಥದ್ದು ಕೇಳುವವರಲ್ಲ ಅವರು. ಆದರೆ ಅವರ ದನಿಯಲ್ಲಿ ಅಸಭ್ಯ ಎನ್ನುವಂಥದ್ದು ಏನೂ ಇರಲಿಲ್ಲ. ಕಾಶಿಗೆ ಹೋಗಿ ಬಂದವರನ್ನು ಗಂಗೆ ಹೇಗಿತ್ತು ಎಂದು ಕೇಳಿದ ಹಾಗೆ ಕೇಳಿದರು.

"ಎಂಟೊಂಬತ್ತು" ಎಂದೆ ತಲೆ ತಗ್ಗಿಸಿ.

"ಎಂಟೊಂಬತ್ತು!" ಪಟೇಲರು ಕಣ್ಣು ಮುಚ್ಚಿದರು. "ನಮಗೆ ತಿಂಗಳಲ್ಲಿ ಅಷ್ಟಾದ್ರೆ ಜಾಸ್ತಿ ಕಣ್ರೀ. ಹನ್ನೆರಡು ವರ್ಷ ಆಯ್ತು ಈ ಕಷ್ಟ. ಹರಳೆಣ್ಣೆ ಕುಡಿದೆ, ಸೋನಾಮುಖಿ ಕುಡಿದೆ, ಅಳಲೇಕಾಯಿ ಆಯ್ತು. ತೀರ್ಥಹಳ್ಳಿ ಡಾಕ್ಟ್ರು ಸೊಪ್ಪು ತಿನ್ನಿ ಅಂದ್ರು. ನಾನೇನು ಎಮ್ಮೆಯಾ? ಈಗ ಹೇಳಿ, ಸೂಜಿ ಹಾಕಿದ ಎಷ್ಟು ಹೊತ್ತಿಗೆ ಶುರುವಾಯ್ತು? ಹೊಟ್ಟೆ ಕಡಿತ ಇತ್ತಾ? ಈಗ ಹೆಂಗಿದೆ, ಹಗುರ ಅನ್ನಿಸ್ತದಾ?"

ಇನ್ನು ತಡೆದರೆ ಆಗದು ಎಂದು ಬಾಯಿ ತೆರೆದೆ. "ಪಟೇಲ್ರೆ, ಆ ಸೂಜಿ ಅದಕ್ಕಲ್ಲ. ಅದು ಕಾಲರಾ ಬರಬಾರದು ಅಂತ ಹಾಕೋದು. ಭೇದಿ ಆಗಬಾರದು ಅಂತಾನೇ…"

"ಅವ್ರು ಎಂತಕ್ಕಾದ್ರೂ ಹಾಕ್ಲಿ. ನಿಮಗೆ ಆಗಿದ್ದು ನಾನು ಕೇಳ್ತಿರೋದು. ಹಗುರ ಅನ್ನಿಸ್ತದೋ ಇಲ್ವೋ?"

"ಅನ್ನಿಸ್ತದೆ" ಎಂದೆ. ನಿಜಕ್ಕೂ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಅಮ್ಮ ಬೆಲ್ಲ ನೀರು ತಂದರು. ಪಟೇಲರು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ತೆಗೆದುಕೊಂಡರು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು ಲೋಟ ಕೆಳಗಿಟ್ಟು, ಈ ಸಲ ಗದ್ದೆಗೆ ಬೀಜ ಹಾಕಿ ಆಯ್ತಾ ಎಂದು ಕಂಬವನ್ನು ಕೇಳಿದರು. ಆಯ್ತು ಎಂದು ಅಮ್ಮ ನೆಲಕ್ಕೆ ಹೇಳಿದರು. ನಾನು ಇನ್ನೇನಾದರೂ ಹೇಳಿದ್ದರೆ ಆ ಮಾತು ಅಲ್ಲಿಗೇ ಮುರಿಯುತ್ತಿತ್ತು. ನಾನು ಸುಮ್ಮನಾದದ್ದಕ್ಕೆ ಅದೇ ಕಾರಣ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ.

ಪಟೇಲರು ಆ ದಿನವೇ ಗಾಡಿ ಕಟ್ಟಿಸಿಕೊಂಡು ಹೋಗಿ ಇನ್ಸ್‌ಪೆಕ್ಟರನ್ನು ಕಂಡು, ಗುರುವಾರ ಬರಲೇಬೇಕೆಂದು ಹೇಳಿ ಬಂದರು. ಗುರುವಾರದ ಹೊತ್ತಿಗೆ ಊರಿನಲ್ಲಿ ಆ ಸೂಜಿಗೆ ಹೆಸರೇ ಬೇರೆಯಾಗಿತ್ತು. ಮಳೆಗಾಲ ಹಿಡಿಯುವ ಮೊದಲು ಒಂದು ದಿನ ಮನೆಮಂದಿಯೆಲ್ಲ ಹರಳೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಳ್ಳುವುದು ಅಲ್ಲಿನವರ ಹಳೆಯ ರೂಢಿ. ಮಕ್ಕಳನ್ನು ಕಂಬಕ್ಕೆ ಒತ್ತಿ ಹಿಡಿದು ಮೂಗು ಮುಚ್ಚಿ ಕುಡಿಸುತ್ತಿದ್ದರು. ಈಗ ಸರ್ಕಾರದವರು ಎಣ್ಣೆಯ ಬದಲು ಸೂಜಿ ತಂದಿದ್ದಾರೆ, ವಾಸನೆ ಇಲ್ಲ, ವಾಕರಿಕೆ ಇಲ್ಲ, ಅಕ್ಕೋರಿಗೆ ಒಂದೇ ಸೂಜಿಗೆ ಹತ್ತು ವರ್ಷದ್ದು ಹೋಯಿತಂತೆ ಎಂದು ಸುದ್ದಿಯಾಗಿತ್ತು. ಆಪರೇಷನ್ನಿನ ಸೂಜಿ ಎಂಬ ಹೆದರಿಕೆ ಯಾವ ಪಾಠಕ್ಕೂ ಹೋಗಿರಲಿಲ್ಲ, ಇದಕ್ಕೆ ಹೋಯಿತು. ಇದರಿಂದ ಏನಾಗುತ್ತದೆ ಎಂಬುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರಲ್ಲ.

ಗುರುವಾರ ನಾನು ಶಾಲೆಗೆ ಹೋದಾಗ ಸಾಲು ಬೇಲಿ ದಾಟಿ ಮೈದಾನದ ಆ ತುದಿಗೆ ಮುಟ್ಟಿತ್ತು. ಮೊದಲು ಪಟೇಲರು. ಅವರಿಗಿಂತ ನಾಲ್ಕು ಜನ ಹಿಂದೆ ಅಮ್ಮ, ಮೊಮ್ಮಗಳ ಕೈ ಹಿಡಿದು. ಸರ್ಕಾರವನ್ನು ಬೈದ ಅಮ್ಮನೂ ಬಂದುಬಿಟ್ಟಿದ್ದರು. ಆ ಸಾಲಿನಲ್ಲಿ ಪಟೇಲರ ಹಳೇ ಗೇಣಿಯವರು ಬಹಳ ಜನ ಇದ್ದರು. ಪಕ್ಕದ ಎರಡು ಹಳ್ಳಿಯವರೂ ಬಂದಿದ್ದರು. ಹೆಡ್ಮಾಸ್ಟರು ಕೂಡ ಡಬಲ್ ಆಗುವ ಮಾತು ಮರೆತು ಸಾಲಿನ ಪಕ್ಕ ಸುಳಿದಾಡುತ್ತಿದ್ದರು. ಅವರಿಗೂ ಸ್ವಲ್ಪ ಆ ತೊಂದರೆ ಇತ್ತಂತೆ.

ಇನ್ಸ್‌ಪೆಕ್ಟರು ಮೊದಮೊದಲು ಒಬ್ಬೊಬ್ಬರಿಗೂ ವಿವರಿಸಿದರು. "ನೋಡಿ, ಇದು ಕಾಲರಾಕ್ಕೆ. ಹೊಟ್ಟೆ ತೊಳೆಯೋದಕ್ಕಲ್ಲ."

"ಆಯ್ತು ಸ್ವಾಮಿ, ಹಾಕಿ" ಎಂದು ತೋಳು ಒಡ್ಡುತ್ತಿದ್ದರು. ಒಬ್ಬ ಮುದುಕ, "ನಂಗೆ ಸ್ವಲ್ಪ ಜೋರಿಂದು ಹಾಕಿ. ಹಳೇ ಹೊಟ್ಟೆ" ಎಂದ.

ಹತ್ತು ಜನರಾಗುವಷ್ಟರಲ್ಲಿ ಅವರು ವಿವರಿಸುವುದು ಬಿಟ್ಟರು. ನಾನು ಪಕ್ಕದಲ್ಲಿ ಕೂತು ಹೆಸರು ಬರೆಯುತ್ತಿದ್ದೆ. "ಮೇಡಂ, ಇವರಿಗೆ ನೀವಾದ್ರೂ ಹೇಳಬಾರದಾ?" ಎಂದರು ಮೆಲ್ಲಗೆ. ನಾನು ಸಾಲಿನ ಕಡೆ ನೋಡಿದೆ. ಸೋಮವಾರ ಒಂದು ಕಾಗೆಯೂ ಬೇಲಿ ದಾಟಿ ಬಾರದ ಜಾಗ ಅದು. "ಹೇಳಿದ್ರೆ ಹೋಗ್ತಾರೆ ಸಾರ್" ಎಂದೆ. ಅವರು ಒಂದು ಗಳಿಗೆ ಯೋಚಿಸಿ, ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, "ಮುಂದೆ ಬನ್ನಿ" ಎಂದರು. ಮಧ್ಯಾಹ್ನಕ್ಕೆ ಔಷಧಿ ಮುಗಿಯಿತು. ಸೈಕಲ್ ತುಳಿದುಕೊಂಡು ಹೋಗಿ ಇನ್ನಷ್ಟು ತಂದರು. ಸಾಲು ಕದಲದೆ ಬಿಸಿಲಲ್ಲೇ ಕಾಯಿತು.

ಶುಕ್ರವಾರ ಊರಿಗೆ ಊರೇ ಮಲಗಿತು. ಎಲ್ಲರ ತೋಳೂ ಊದಿತ್ತು. ಸುಮಾರು ಜನಕ್ಕೆ ಜ್ವರ. ಗದ್ದೆ ಕೆಲಸ ನಿಂತಿತು. ಶಾಲೆಗೆ ಏಳು ಮಕ್ಕಳು ಬಂದರು, ಏಳೂ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು. ಆದರೆ ಒಬ್ಬರಿಗೂ, ಒಂದೇ ಒಂದು ಸಲವೂ, ಆಗಬೇಕಾದದ್ದು ಆಗಲಿಲ್ಲ. ಕೆಲವರು ಬೆಳಿಗ್ಗೆಯೇ ಚೊಂಬು ತುಂಬಿಟ್ಟುಕೊಂಡು ಕಾದಿದ್ದರಂತೆ.

ಶನಿವಾರ ಪಟೇಲರು ಮತ್ತೆ ಬಂದರು. ಈ ಸಲ ಅಂಗಳದಲ್ಲಿ ಕೆಮ್ಮುತ್ತ ನಿಲ್ಲಲಿಲ್ಲ, ನೇರ ಬಂದು ಜಗಲಿಯಲ್ಲಿ ಕೂತರು. ಶಲ್ಯದಿಂದ ತೋಳನ್ನು ಕುತ್ತಿಗೆಗೆ ತೂಗುಹಾಕಿಕೊಂಡಿದ್ದರು. ಜ್ವರದಲ್ಲಿ ಎರಡು ದಿನ ಗಂಜಿ ಬಿಟ್ಟು ಏನೂ ತಿನ್ನದೆ ಅವರ ತೊಂದರೆ ಇನ್ನೂ ಬಿಗಿಯಾಗಿತ್ತು. ಹಿಂದೆ ನಾಲ್ಕೈದು ಜನ ಗಂಡಸರು, ಅವರದ್ದೂ ತೋಳು ಹಾಗೇ.

"ನಮಗೆ ನೀರು ಹಾಕಿದಾರೆ ಅಕ್ಕೋರೆ" ಎಂದರು ಪಟೇಲರು. "ಖರೇ ಔಷಧಿ ನಿಮಗೊಬ್ಬರಿಗೇ ಹಾಕಿ ಖರ್ಚು ಮಾಡಿದಾರೆ. ಸರ್ಕಾರಿ ನೌಕರರಿಗೆ ಒಂದು, ಊರಿನೋರಿಗೆ ಒಂದು. ನಾನು ಮೇಲಿನವ್ರಿಗೆ ಅರ್ಜಿ ಕೊಡ್ತೀನಿ. ನೀವು ಸಾಕ್ಷಿ ಹಾಕ್ಬೇಕು."

ಅರ್ಜಿ ಎಂದ ಕೂಡಲೇ ನನಗೆ ಆ ಸಣಕಲು ಇನ್ಸ್‌ಪೆಕ್ಟರು ಎರಡು ಸಲ ಸೈಕಲ್ ತುಳಿದದ್ದು ನೆನಪಾಯಿತು. ಆಗ ಹೇಳಿದೆ. ಎಲ್ಲರ ಮುಂದೆ ಹೇಳಿದೆ. ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡು, ಕೆಟ್ಟ ಬಸ್ಸು, ಚಂದ್ರಬಕ್ಕೆ, ನೊಣ, ತೊಟ್ಟಿಯ ನೀರು ಎಲ್ಲವನ್ನೂ. ಅಮ್ಮನ ಮೊಮ್ಮಗಳು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು.

ಪಟೇಲರು ನಕ್ಕರು. ದೊಡ್ಡವರು ಮಕ್ಕಳ ಸುಳ್ಳಿಗೆ ನಗುವ ನಗು.

"ಹಲಸಿನ ಹಣ್ಣಾ! ನಮ್ಮನೆ ಹಿತ್ತಿಲಲ್ಲಿ ರಾಶಿ ಬಿದ್ದು ಕೊಳೀತಾ ಇದೆ. ಹುಟ್ಟಿದಾಗಿಂದ ತಿಂತಾ ಇದೀವಿ. ಹಲಸಿನ ಹಣ್ಣಿಗೆ ಹೊಟ್ಟೆ ತೊಳೆಯೋದಾಗಿದ್ರೆ ನಾನ್ಯಾಕೆ ಹನ್ನೆರಡು ವರ್ಷ ಹಿಂಗಿರ್ತಿದ್ದೆ?"

"ಅಕ್ಕೋರು ಪಾಪ, ಆ ಇನಿಸ್ಪೆಟ್ರನ್ನ ಉಳಿಸಕ್ಕೆ ಹೇಳ್ತಿದಾರೆ" ಎಂದ ಹಿಂದಿದ್ದವನೊಬ್ಬ.

"ನೌಕ್ರಿ ಅಲ್ವಾ. ಹಂಗೇ ಹೇಳ್ಬೇಕು ಅವ್ರು" ಎಂದ ಇನ್ನೊಬ್ಬ.

ಅಮ್ಮ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದರು. ಅವರು ನಂಬಿದರು ಎಂದು ಕಾಣುತ್ತದೆ. ಆದರೆ ಹೊರಗೆ ತೋರಿಸಲಿಲ್ಲ. "ಅರ್ಜಿಗಿರ್ಜಿ ಬೇಡ ಪಟೇಲ್ರೆ. ಹೆಂಗೂ ಒಂದು ಸೂಜಿ ಆಯ್ತಲ್ಲ. ಈ ವರ್ಷ ಎಣ್ಣೆ ನಾನೇ ಕಾಯಿಸಿ ಕೊಡ್ತೀನಿ, ನಮ್ಮ ಗದ್ದೆ ಬದೀದೇ ಹರಳು" ಎಂದರು. ನಮ್ಮ ಗದ್ದೆ ಎಂದು ಅವರು ಪಟೇಲರ ಎದುರಿಗೆ ಹೇಳಿದ್ದು ಅದೇ ಮೊದಲು. ಪಟೇಲರು ತಮ್ಮ ತೋಳಿನ ಕಡೆ ನೋಡಿಕೊಂಡು, "ಕಾಯಿಸು" ಎಂದರು. ಒಂದು ಗಳಿಗೆ ಬಿಟ್ಟು, "ಕಾಯಿಸಿ ಕೊಡಿ" ಎಂದು ತಿದ್ದಿದರು.

ಅರ್ಜಿ ಹೋಗಲಿಲ್ಲ. ತಿಂಗಳು ಬಿಟ್ಟು ಇನ್ಸ್‌ಪೆಕ್ಟರು ಎರಡನೇ ಸುತ್ತಿಗೆ ಬಂದಾಗ ಜಡಿಮಳೆ. ಇಡೀ ಊರಿನಿಂದ ಬಂದವರು ಪಟೇಲರೊಬ್ಬರೇ. ಎರಡನೆಯದಾದರೂ ಹಿಡಿದೀತು ಎಂಬ ಆಸೆ. ನಾನು ಇನ್ಸ್‌ಪೆಕ್ಟರಿಗೂ ಹಲಸಿನ ಹಣ್ಣಿನ ವಿಷಯ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಶಕ್ತಿ ಅವರಲ್ಲಿ ಇರಲಿಲ್ಲವೋ ಏನೋ. ಒದ್ದೆ ಕೊಡೆ ಮಡಿಸುತ್ತ, "ಅವತ್ತೇ ಹೇಳಿದ್ರೆ ಗುರುವಾರ ಯಾರೂ ಬರ್ತಿರಲಿಲ್ಲ ಬಿಡಿ" ಎಂದರು. "ಆದರೆ ರಿಪೋರ್ಟು ಮೇಲೆ ಹೋಗಿ ಆಗಿದೆ ಮೇಡಂ. ನಿಮ್ಮನ್ನ ಕರೀಬಹುದು."

ಕರೆದರು. ಹೊಸನಗರದ ಆಸ್ಪತ್ರೆಗೆ ಹಾಜರಾಗಬೇಕೆಂದು ಹೆಡ್ಮಾಸ್ಟರ ಮೂಲಕ ಕಾಗದ ಬಂತು. ಹೋದೆ. ಡಾಕ್ಟರು ನಾಲಗೆ ನೋಡಿದರು, ಹೊಟ್ಟೆ ಒತ್ತಿದರು. ನಾನು ಈ ಸಲ ಮೊದಲೇ ಸಿದ್ಧವಾಗಿ ಹೋಗಿದ್ದೆ.

"ಸಾರ್, ಅದರ ಹಿಂದಿನ ದಿನ ನಾನು ಬಸ್‌ಸ್ಟ್ಯಾಂಡಲ್ಲಿ ಹಲಸಿನ ಹಣ್ಣು…"

"ಅದೆಲ್ಲ ಬೇಡಮ್ಮ. ಕೇಳಿದ್ದಕ್ಕೆ ಉತ್ತರ ಕೊಡಿ. ಸೂಜಿ ಹಾಕಿಸ್ಕೊಂಡಿದ್ದು ಹೌದಾ?"

"ಹೌದು."

"ಆಮೇಲೆ ಭೇದಿ ಆಗಿದ್ದು ಹೌದಾ?"

"ಹೌದು, ಆದರೆ…"

"ಆಯ್ತು" ಎಂದು ಬರೆದು ಸೀಲು ಒತ್ತಿದರು. ಕಾಲರಾ ಲಸಿಕೆ ಇವರ ಮೈಗೆ ಒಗ್ಗುವುದಿಲ್ಲ, ಮುಂದೆ ಹಾಕಬಾರದು ಎಂದು ಸರ್ಟಿಫಿಕೇಟು. ಹೆಡ್ಮಾಸ್ಟರು ಅದನ್ನು ನನ್ನ ಸರ್ವೀಸ್ ರಿಜಿಸ್ಟರಿಗೆ ಗೋಂದು ಹಾಕಿ ಅಂಟಿಸಿದರು. ಗೋಂದು ಧಾರಾಳವಾಗಿಯೇ ಹಾಕಿದ್ದರು.

ಆ ಮಳೆಗಾಲ ನಮ್ಮೂರಿಗೆ ಕಾಲರಾ ಬರಲಿಲ್ಲ. ಸೂಜಿಯಿಂದಲೋ, ಬರುವುದೇ ಇರಲಿಲ್ಲವೋ ಗೊತ್ತಿಲ್ಲ. ಊರಿನವರು ಅದನ್ನು ಯಾವುದರ ಲೆಕ್ಕಕ್ಕೂ ಹಾಕಲಿಲ್ಲ. ಬಾರದ ರೋಗದ ಬಗ್ಗೆ ಮಾತಾಡುವವರು ಯಾರು? ಪಟೇಲರು ಮಾತ್ರ ಕೆರೆ ಏರಿಯ ಸುತ್ತು ಬಿಟ್ಟು ನಮ್ಮ ಮನೆ ಮುಂದಿನ ದಾರಿಯಲ್ಲೇ ಓಡಾಡತೊಡಗಿದರು. ವಾರಕ್ಕೊಮ್ಮೆ ಜಗಲಿಯಲ್ಲಿ ಕೂತು ಅಮ್ಮನ ಹತ್ತಿರ ಎಣ್ಣೆಯ ಫಲಿತಾಂಶ ವರದಿ ಮಾಡುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳಿಗೆ ವಿಷಯ ಎಷ್ಟು ಗೊತ್ತಾಗಿತ್ತೋ ತಿಳಿಯದು. ನೊಣದ ಚಾರ್ಟು ಬಿಚ್ಚಿಟ್ಟು ಅದರ ಜಾಗದಲ್ಲಿ ಕರ್ನಾಟಕದ ನಕ್ಷೆ ಹಾಕಿದೆ.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಪೇಟೆ ಶಾಲೆ, ಹನ್ನೊಂದು ಜನ ಮೇಷ್ಟರು. ಒಂದು ಮಳೆಗಾಲದಲ್ಲಿ ಹತ್ತಿರದ ಯಾವುದೋ ಹಳ್ಳಿಯಲ್ಲಿ ವಾಂತಿಭೇದಿ ಎಂದು ಸುದ್ದಿ ಹಬ್ಬಿ, ಶಾಲೆಯ ಸಿಬ್ಬಂದಿಯೆಲ್ಲ ಸೂಜಿ ಹಾಕಿಸಿಕೊಳ್ಳಬೇಕೆಂದು ಆದೇಶ ಬಂತು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬಂದಿದ್ದರು. ನನ್ನ ಸರದಿ ಬಂದಾಗ ತೋಳು ಮುಂದೆ ಮಾಡಿದೆ. ನಮ್ಮ ಹೆಡ್ಮಿಸ್ಟ್ರೆಸ್ಸು ತಮ್ಮ ಕುರ್ಚಿಯಿಂದಲೇ, "ಅವರಿಗೆ ಬೇಡ ಡಾಕ್ಟ್ರೆ, ಅವರ ರಿಜಿಸ್ಟರಲ್ಲಿದೆ" ಎಂದರು.

"ಅದು ಹಾಗಲ್ಲ. ನನಗೆ ಒಗ್ಗತ್ತೆ. ಅದು ಹಲಸಿನ ಹಣ್ಣಿಂದ ಆಗಿದ್ದು" ಎಂದೆ.

ಡಾಕ್ಟರು ರಿಜಿಸ್ಟರು ತರಿಸಿ ಓದಿದರು. ಎರಡು ಸಲ ಓದಿದರು. "ನಮ್ಮ ಸೀನಿಯರ್ ಸೀಲು ಹಾಕಿದಾರೆ ಮೇಡಂ. ಇದರ ಮೇಲೆ ನಾನು ಹಾಕಿದ್ರೆ ನನ್ನ ಕೆಲಸ ಹೋಗತ್ತೆ. ನೀವು ಆ ಕಡೆ ಕೂತ್ಕೊಳ್ಳಿ" ಎಂದು ಬಹಳ ಕಾಳಜಿಯಿಂದ ಕುರ್ಚಿ ತೋರಿಸಿದರು. ಹೆಡ್ಮಿಸ್ಟ್ರೆಸ್ಸು ಫ್ಯಾನು ನನ್ನ ಕಡೆ ತಿರುಗಿಸಿದರು.

ಆ ಮಳೆಗಾಲವಿಡೀ ನಾನು ನೀರನ್ನು ಕುದಿಸಿ, ಸೋಸಿ, ಮತ್ತೆ ಕುದಿಸಿ ಕುಡಿದೆ. ಸಹೋದ್ಯೋಗಿಗಳಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು. ಸೂಜಿ ಹಾಕಿಸಿಕೊಂಡ ಹತ್ತು ಜನಕ್ಕೂ ತೋಳು ಊದಿ ಕೈ ಎತ್ತಲಾಗದೆ, ಮೂರು ದಿನ ಎಲ್ಲ ಕ್ಲಾಸಿನ ಬೋರ್ಡೂ ನಾನೊಬ್ಬಳೇ ಬರೆದೆ.